ಡಾರ್ಟಿಂಗ್ಟನ್ನಿನ ಬೇಸಗೆ

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಡಾರ್ಟಿಂಗ್ಟನ್ ಹಾಲ್ ಎಂಬ ಹಳೆಯ ಎಸ್ಟೇಟುಂಟು. 1925ರಲ್ಲಿ ಎಲ್ಮ್‌ಹರ್ಸ್ಟ್ ದಂಪತಿಗಳು ಅದನ್ನು ಕೊಂಡಾಗ ಹದಿನಾಲ್ಕನೆಯ ಶತಮಾನದ ಅದರ ಮಹಾಸಭಾಂಗಣಕ್ಕೆ ಸೂರೇ ಇರಲಿಲ್ಲ. ಪತಿ ಲೆನರ್ಡರು ಅದಕ್ಕೆ ಮುಂಚೆ ರವೀಂದ್ರನಾಥ ಠಾಕೂರರೊಡನೆ ಶ್ರೀನಿಕೇತನದಲ್ಲಿ ದುಡಿದವರು; ಕೃಷಿಯೂ ಕಲೆಯೂ ಒಂದೇ ಅಂಗಳದಲ್ಲಿ ಬೆಳೆಯಬೇಕೆಂಬ ಹುಚ್ಚು ಅಲ್ಲಿಂದಲೇ ಹತ್ತಿರಬೇಕು. ಹಣ ಮಾತ್ರ ಅಮೆರಿಕದ ಸಿರಿವಂತರ ಮಗಳಾದ ಪತ್ನಿ ಡೊರೊತಿಯವರದು.

1953ರಲ್ಲಿ ಬೇಸಗೆಯ ಸಂಗೀತಶಾಲೆಯೊಂದು ಇಲ್ಲಿಗೆ ಬಂದು ನೆಲಸಿತು. ಹೆಸರು ಶಾಲೆ, ನಡೆದದ್ದು ಉತ್ಸವ. 1957ರಲ್ಲಿ ಸ್ಟ್ರಾವಿನ್ಸ್ಕಿಯಂಥವರೇ ಬಂದಿದ್ದರು. ಆದರೆ ಗ್ರಂಥಾಲಯದಲ್ಲಿ ಇದನ್ನೋದಿದಾಗ ನನ್ನ ಮನಸ್ಸು ನಿಂತದ್ದು ಬೇರೆಡೆ: ಹವ್ಯಾಸಿಗಳೂ ವಿದ್ವಾಂಸರೂ ಹಗಲೆಲ್ಲ ಕೂಡಿ ಅಭ್ಯಾಸ ಮಾಡಿ, ಕೂಡಿ ಉಂಡು, ರಾತ್ರಿ ಕಚೇರಿ ಕೇಳುತ್ತಿದ್ದ ಅಲ್ಲಿನ ಪದ್ಧತಿ. ಅರೆಬರೆ ಪಿಟೀಲು ಬಾರಿಸುವವನಿಗೂ ಅಲ್ಲಿ ಚಪ್ಪಾಳೆಗಿಂತ ಹೆಚ್ಚಿನ ಕೆಲಸವಿತ್ತು.

ನಮ್ಮಲ್ಲಿ ಕಲೋತ್ಸವವೆಂದರೆ ವೇದಿಕೆ, ಹಾರ, ಮುಂದಿನ ಸಾಲಿನ ಸೋಫಾ. ನಮ್ಮ ಮನೆತನದಲ್ಲಿ ಬಿ.ಎ. ತರಗತಿ ಹತ್ತಿದವರಲ್ಲಿ ನಾನೇ ಮೊದಲಿಗ; ಹಿಂದಿನ ಸಾಲಿನ ಬೆಂಚು ನನಗೆ ಚೆನ್ನಾಗಿ ಗೊತ್ತು.

ಆದರೂ ಡಾರ್ಟಿಂಗ್ಟನ್ನಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಕಲಿಯಲು ಶುಲ್ಕ, ತಂಗಲು ಬಾಡಿಗೆ! ವಿದ್ಯಾರ್ಥಿವೇತನವಿಲ್ಲದೆ ನನ್ನಂಥವನು ಆ ಅಂಗಳ ತುಳಿಯಬಹುದಿತ್ತೇ? ಇಂಥ ಉತ್ಸವಕ್ಕೆ ಉದಾರಿಗಳು ಕೊಡುವ ಹಣದಲ್ಲಿ ಒಂದು ಪಾಲು ಬಡ ವಿದ್ಯಾರ್ಥಿಯ ರೈಲುಖರ್ಚಿಗೂ ಊಟಕ್ಕೂ ಮೀಸಲಾಗಬೇಕು. ಅದನ್ನು ದಾನವೆನ್ನುವವರುಂಟು. ಲೆಕ್ಕದ ಪುಸ್ತಕ ನನ್ನ ಕೈಗೆ ಬಂದರೆ, ದೀಪದ ಖರ್ಚು, ಪಿಯಾನೋದ ರಿಪೇರಿ ಬರೆದ ಪುಟದಲ್ಲೇ ಅದನ್ನೂ ಬರೆಯುತ್ತೇನೆ.