ಬರಿಗಾಲಿನ ಹಳೆಯ ಲೆಕ್ಕ

ಅಡಕೆತೋಟದ ಕೆಸರಿನಲ್ಲಿ ಬರಿಗಾಲಿನಿಂದ ದುಡಿದ ಹಿರಿಯರು ಉಬ್ಬಸಕ್ಕೋ ಸಂಧಿವಾತಕ್ಕೋ ಆಸ್ಪತ್ರೆ ಸೇರಿದಾಗ, ಸ್ಟೀರಾಯ್ಡ್ ಆರಂಭವಾಗುವ ಮೊದಲೇ ಆ ಹಳೆಯ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ. ಸ್ಟ್ರಾಂಜಿಲಾಯ್ಡಿಸ್ ಎಂಬ ನೂಲೆಳೆಯಂಥ ಹುಳು ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಿನಲ್ಲಿಯೇ ಸಂತಾನ ಬೆಳೆಸುತ್ತ ದಶಕಗಳ ಕಾಲ ಸದ್ದಿಲ್ಲದೆ ಉಳಿಯಬಲ್ಲುದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರೈಲುಮಾರ್ಗಕ್ಕಾಗಿ ದುಡಿದ ಸೆರೆಯಾಳುಗಳಲ್ಲಿ 30 ವರ್ಷಗಳ ಬಳಿಕವೂ ಅದು ಕಂಡುಬಂದಿತ್ತು. ಸ್ಟೀರಾಯ್ಡಿನಿಂದ ದೇಹದ ಪ್ರತಿರೋಧ ಕುಗ್ಗಿದರೆ ಮರಿಹುಳುಗಳು ಕರುಳಿನ ಬ್ಯಾಕ್ಟೀರಿಯಾಗಳನ್ನೂ ಹೊತ್ತು ಮೈಯೆಲ್ಲ ಹರಡುತ್ತವೆ, ಪ್ರಾಣಕ್ಕೇ ಅಪಾಯ. ಒಮ್ಮೆಯ ಮಲಪರೀಕ್ಷೆಯಲ್ಲಿ ಕಾಣದಿದ್ದ ಮಾತ್ರಕ್ಕೆ ಹುಳುವಿಲ್ಲವೆನ್ನಲಾಗದು. ಹಲವು ದಿನ ನೋಡಬೇಕು, ರಕ್ತಪರೀಕ್ಷೆಯೂ ಉಂಟು. ಮದ್ದು ಐವರ್ಮೆಕ್ಟಿನ್, ತೂಕ ನೋಡಿ ವೈದ್ಯರೇ ಕೊಡತಕ್ಕದ್ದು. ಮಲವನ್ನು ಡಬ್ಬಿಯಲ್ಲಿ ಕೊಡುವುದೆಂದರೆ ನಮ್ಮ ಅಜ್ಜಂದಿರಿಗೆ ಬಲು ಸಂಕೋಚ. ಆ ಮಾತನ್ನು ಮನೆಯವರೇ ಎತ್ತಬೇಕಾದೀತು.