ಹೆಸರು ಹಚ್ಚಿದ ಮೇಲೆ

ಮೂವತ್ತು ವರ್ಷದ ಹಿಂದೆ ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಕಣ್ಣು ಕಾಣದ, ಕಿವಿ ಕೇಳದ, ಕಾಲಿನಲ್ಲಿ ಬಲವಿಲ್ಲದ ಮಗುವಿನ ಹೆಸರನ್ನು ಸಾಲಿಗೆ ಹಚ್ಚುವುದೇ ದೊಡ್ಡ ಮಾತಾಗಿತ್ತು. ಹಚ್ಚದೇ ಹೋದರೆ ಯಾಕೆಂದು ಕೇಳುವವರೂ ಇರಲಿಲ್ಲ. ಇವತ್ತು ಹಚ್ಚಿಕೊಳ್ಳದ ಮುಖ್ಯಗುರುಗಳು ಕಾನೂನಿನ ಮುಂದೆ ಉತ್ತರ ಹೇಳಬೇಕಾಗುತ್ತದೆ. ಅಂಗವಿಕಲರಿಗಾಗಿ ದೇಶ ಮಾಡಿದ ಮೊದಲ ಸಮಗ್ರ ಕಾಯ್ದೆ ಜಾರಿಗೆ ಬಂದದ್ದು 1996ರ ಫೆಬ್ರುವರಿ 7ರಂದು. ಅದಕ್ಕೆ ಮೂವತ್ತು ತುಂಬಿದ ಈ ಹೊತ್ತಿನಲ್ಲಿ ಬೆಳಗಾವಿ ನಗರವನ್ನೂ ಅಲ್ಲಿಂದ ಒಂದು ತಾಸಿನ ದಾರಿಯ ಖಾನಾಪುರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಹಿಂತಿರುಗಿ ನೋಡಿದರೆ ಲೆಕ್ಕ ಹೀಗೆ ಬರುತ್ತದೆ: ಹಾಜರಿ ಪುಸ್ತಕದ ಕೆಲಸ ಬಹುಮಟ್ಟಿಗೆ ಆಗಿದೆ, ಅದರಾಚೆಯ ಕೆಲಸ ಬಸ್ಸು ಹೋಗುವಷ್ಟು ದೂರ ಮಾತ್ರ ಹೋಗಿದೆ.

ಬೆಳಗಾವಿ ಈ ವಿಷಯದಲ್ಲಿ ತಡವಾಗಿ ಕಣ್ಣು ಬಿಟ್ಟ ಜಿಲ್ಲೆಯೇನಲ್ಲ. 1994ರ ಜೂನ್‌ನಲ್ಲಿ ಸ್ಪೇನ್ ದೇಶದ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಕೂಡಿ, ಊರಿನ ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳ ಶಾಲೆಯೂ ಆಗಬೇಕು ಎಂದು ಒಪ್ಪಿಕೊಂಡರು. ಆ ಆಸುಪಾಸಿನಲ್ಲೇ ನಮ್ಮಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಶುರುವಾಯಿತು. ಮೊದಲ ಹಂತಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ನಾಲ್ಕೇ ಜಿಲ್ಲೆ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಸಲಮಾಂಕಾಕ್ಕೂ ಡಿಪಿಇಪಿಗೂ ನೇರ ನಂಟಿರಲಿಲ್ಲ. ಯೋಜನೆಯ ಮೊದಲ ಗಮನವೆಲ್ಲ ಕೊಠಡಿ ಕಟ್ಟುವುದು, ಶಿಕ್ಷಕರಿಗೆ ತರಬೇತಿ, ಹೆಣ್ಣುಮಕ್ಕಳ ದಾಖಲಾತಿ ಇವುಗಳ ಮೇಲೆಯೇ ಇತ್ತು. ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಅದರೊಳಗೆ ಸೇರಿದ್ದು 1997ರಲ್ಲಿ. ಆದರೆ ಬ್ಲಾಕಿಗೊಂದು ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಶಾಲೆಗಳ ಗುಂಪಿಗೊಂದು ಸಂಪನ್ಮೂಲ ಕೇಂದ್ರ (ಸಿಆರ್‌ಸಿ) ಎಂಬ ವ್ಯವಸ್ಥೆ ನೆಲೆಯೂರಿದ್ದು ಆ ಕಾಲದಲ್ಲಿ. ವಿಶೇಷ ಅಗತ್ಯದ ಮಗುವಿಗೆ ಇಂದು ಸಿಗುವ ನೆರವೆಲ್ಲ ಇಳಿದು ಬರುವುದು ಆ ಮೆಟ್ಟಿಲುಗಳ ಮೇಲಿನಿಂದಲೇ.

ಮುಂದಿನ ಕಾನೂನು, ಯೋಜನೆಗಳ ಸಾಲನ್ನು ಇಲ್ಲಿ ಉದ್ದ ಮಾಡುವ ಅಗತ್ಯವಿಲ್ಲ. 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ, 2010ರ ಏಪ್ರಿಲ್‌ನಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ, 2012ರಲ್ಲಿ ಅದಕ್ಕೆ ಬಂದ ತಿದ್ದುಪಡಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2018ರಲ್ಲಿ ಸಮಗ್ರ ಶಿಕ್ಷಣ. 1996ರಲ್ಲಿ ಜಾರಿಯಾದ ಕಾಯ್ದೆ ಏಳು ಬಗೆಯ ವೈಕಲ್ಯ ಗುರುತಿಸಿದ್ದರೆ 2016ರದು 21 ಗುರುತಿಸಿತು. ಆಟಿಸಂ, ಮಾತಿನ ತೊಂದರೆ, ಓದು-ಬರಹದಲ್ಲಿ ಮಾತ್ರ ಎಡವುವ ಕಲಿಕಾ ನ್ಯೂನತೆ ಎಲ್ಲ ಒಳಗೆ ಬಂದವು. ಕಾಗದದ ಮೇಲೆ ಇದಕ್ಕಿಂತ ಹೆಚ್ಚು ಕೇಳಲು ಏನೂ ಉಳಿದಿಲ್ಲ.

ನೆಲದ ಮೇಲೆ ನೋಡಿದರೆ ಬೆಳಗಾವಿ ನಗರದ ಚಿತ್ರ ಬೇರೆ, ಖಾನಾಪುರದ್ದು ಬೇರೆ. ಮೊದಲು ನಗರ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದದ್ದು 1901ರಲ್ಲಿ. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ನಮ್ಮ ಪಾಲಿಗೆ ಅದು ಪರರಾಜ್ಯದ ಸುದ್ದಿ. ಏಕೀಕರಣವಾದ ಮೇಲೆ ಲೆಕ್ಕ ಬದಲಾಯಿತು. ಶ್ರವಣದೋಷವುಳ್ಳ ಮಕ್ಕಳಿಗಾಗಿ ರಾಜ್ಯ ಸರ್ಕಾರ ತಾನೇ ನಡೆಸುವ ನಾಲ್ಕು ವಸತಿ ಶಾಲೆಗಳಲ್ಲಿ ಒಂದು ಬೆಳಗಾವಿಯಲ್ಲಿದೆ, ಉಳಿದವು ಮೈಸೂರು, ಕಲಬುರಗಿ, ಬಳ್ಳಾರಿಯಲ್ಲಿ. ಅಂಧ ಮಕ್ಕಳ ಸರ್ಕಾರಿ ಶಾಲೆ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಆದರೆ ನಗರದಲ್ಲಿ ಮಾಹೇಶ್ವರಿ ಅಂಧರ ಶಾಲೆ ಇದೆ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಸಂಘ ಸಂಸ್ಥೆಗಳು ನಡೆಸುವ ಶಾಲೆಗಳಿವೆ. ಬಿಮ್ಸ್ ಜಿಲ್ಲಾಸ್ಪತ್ರೆ ಇದೆ, ಕೆಎಲ್‌ಇ ಆಸ್ಪತ್ರೆ ಇದೆ, ಕಿವಿ ಪರೀಕ್ಷೆ ಮಾಡುವವರು, ಫಿಜಿಯೋಥೆರಪಿಯವರು, ಮನಶ್ಶಾಸ್ತ್ರಜ್ಞರು ಇದ್ದಾರೆ. ನಗರದ ತಾಯಿಗೆ ಕಷ್ಟ ಇಲ್ಲವೆಂದಲ್ಲ. ಎಲ್ಲಿಗೆ ಹೋಗಬೇಕೆಂಬುದಾದರೂ ಗೊತ್ತಿರುತ್ತದೆ, ಆಟೋ ಹಿಡಿದರೆ ಮುಟ್ಟಬಹುದು, ಮಧ್ಯಾಹ್ನದೊಳಗೆ ಮನೆಗೆ ಮರಳಬಹುದು.

ಈಗ ಖಾನಾಪುರ. ಹೊರಗಿನವರು ಇದನ್ನು ಒಂದು ತಾಲೂಕು ಅಂದುಕೊಳ್ಳುತ್ತಾರೆ. ಒಳಗಿದ್ದವರಿಗೆ ಇವು ಎರಡು. ಪೂರ್ವಕ್ಕೆ ಇಟಗಿ, ಬೀಡಿ, ಕಕ್ಕೇರಿ ಕಡೆ ಬಯಲು, ಕನ್ನಡದ ಹೊಲಗಳು. ಪಶ್ಚಿಮಕ್ಕೆ ಜಾಂಬೋಟಿ ದಾಟಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಹೆಮ್ಮಡಗಾ ದಾಟಿದರೆ ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಪಾಸ್ತೋಳಿ, ಕೊಂಗಳಾ. ಆಗುಂಬೆಯ ಸಾಲಿಗೆ ನಿಲ್ಲಿಸಬೇಕಾದ ಮಳೆಯ ಆಮಗಾಂವ ಇರುವುದೂ ಇಲ್ಲೇ. ಮಳೆಗಾಲದಲ್ಲಿ ಹಳ್ಳ ಏರಿತೆಂದರೆ ಈ ಊರುಗಳು ದ್ವೀಪವಾಗುತ್ತವೆ. 2024ರ ಜುಲೈನಲ್ಲಿ ಆಮಗಾಂವದಿಂದ ಕಾಯಿಲೆ ಬಿದ್ದ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಡೋಲಿ ಕಟ್ಟಿ ಹೆಗಲ ಮೇಲೆ ಹೊತ್ತು, ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ನಡೆದು ಆಂಬುಲೆನ್ಸ್‌ಗೆ ತಲುಪಿಸಿದ್ದನ್ನು ನಾಡೆಲ್ಲ ನೋಡಿತು. ಆಗ ಎದ್ದ ಪ್ರಶ್ನೆ ರಸ್ತೆಯದು, ಆಸ್ಪತ್ರೆಯದು. ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತು. ಇಂಥ ಊರಿನಲ್ಲಿ ಹುಟ್ಟಿನಿಂದಲೇ ಕೈಕಾಲು ಸೆಟೆದ ಮಗುವೊಂದಿದ್ದರೆ, ಅದಕ್ಕೆ ವಾರಕ್ಕೊಮ್ಮೆ ಫಿಜಿಯೋಥೆರಪಿ ಬೇಕೆಂದು ಡಾಕ್ಟರು ಬರೆದುಕೊಟ್ಟರೆ, ಅದು ಖಾನಾಪುರದ ಬಿಆರ್‌ಸಿಗೆ ವಾರ ವಾರ ಬರುವುದು ಹೇಗೆ?

ಇಲ್ಲೇ ಯೋಜನೆಯ ಲೆಕ್ಕಾಚಾರದ ಮೂಲ ದೋಷ ಕಾಣುತ್ತದೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು, ಇಲಾಖೆಯ ಬಾಯಲ್ಲಿ ಬಿಐಇಆರ್‌ಟಿ ಅನ್ನುವವರನ್ನು, ಕೊಡುವುದು ಬ್ಲಾಕಿನ ಲೆಕ್ಕದಲ್ಲಿ. ಬೆಳಗಾವಿ ನಗರವೂ ಒಂದು ಬ್ಲಾಕು, ಖಾನಾಪುರವೂ ಒಂದು ಬ್ಲಾಕು. ನಗರದವರು ಸ್ಕೂಟರಿನಲ್ಲಿ ಒಂದೇ ಮುಂಜಾನೆ ಎರಡು ಮೂರು ಶಾಲೆ ಮುಗಿಸಬಹುದು. ಖಾನಾಪುರದವರು ಲೋಂಡಾ ಕಡೆ ಹೋದ ದಿನ ಕಣಕುಂಬಿಯ ಮಗು ಕಾಯಬೇಕು, ಕಣಕುಂಬಿಗೆ ಹೋದ ದಿನ ಕಕ್ಕೇರಿಯದು. ಮನೆಯಿಂದ ಹೊರಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೇ ಜನರ ತಲೆಯ ಮೇಲಿದೆ. ಅದರ ಜೊತೆಗೆ ಶಿಬಿರದ ಪಟ್ಟಿ, ಭತ್ಯೆಯ ಪಟ್ಟಿ, ಆನ್‌ಲೈನ್ ಮಾಹಿತಿ ತುಂಬುವುದು. ಈ ಶಿಕ್ಷಕರನ್ನು ದೂರುವುದು ಸುಲಭ, ಅನ್ಯಾಯ ಕೂಡ. ಬ್ಲಾಕು ಎಣಿಸಿ ಹುದ್ದೆ ಕೊಟ್ಟವರು ದಾರಿಯ ಉದ್ದ ಎಣಿಸಲಿಲ್ಲ.

ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 28ರ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಎಂದು ಅನುಪಾತ ಹಾಕಿಕೊಟ್ಟಿತು. ಮೂರು ವರ್ಷ ದಾಟಿದರೂ ರಾಜ್ಯಗಳು ಅಲುಗಾಡದ್ದನ್ನು ಕಂಡು 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಎಂದು ಮತ್ತೆ ಹೇಳಬೇಕಾಯಿತು. ಆ ಅನುಪಾತವನ್ನು ಖಾನಾಪುರದಂಥ ತಾಲೂಕಿಗೆ ಹಾಗೇ ಅನ್ವಯಿಸಿದರೂ ಸಾಲದು. ಹತ್ತು ಮಕ್ಕಳು ಹತ್ತು ಊರಲ್ಲಿ ಚದುರಿದ್ದಾಗ ಹತ್ತಕ್ಕೊಬ್ಬರು ಎಂಬುದು ಕಾಗದದ ಸಮಾಧಾನ.

ಹಣದ ಮಾತೂ ಇರಲಿ. ಸರ್ವ ಶಿಕ್ಷಣ ಅಭಿಯಾನದ ಆರಂಭದಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 1,200 ರೂಪಾಯಿ, ಆಮೇಲೆ 3,000, ಸಮಗ್ರ ಶಿಕ್ಷಣ ಬಂದ ಮೇಲೆ 3,500. ತಿಂಗಳಿಗೆ ಮುನ್ನೂರೂ ಆಗಲಿಲ್ಲ. ಸಲಕರಣೆ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಎಲ್ಲ ಈ ಗಂಟಿನಲ್ಲೇ. ನಿಜ ಹೇಳಬೇಕೆಂದರೆ, ಮಕ್ಕಳನ್ನು ಎತ್ತಿಕೊಂಡು ಬೆಳಗಾವಿಗೆ ಬರುವ ತಾಯಂದಿರಿಗೆ ಈ ಭತ್ಯೆಗಳಿಗಿಂತ ಹೆಚ್ಚು ಒದಗಿದ್ದು 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ಸು. ಅದನ್ನು ಯಾರೂ ಶಿಕ್ಷಣ ಯೋಜನೆ ಎಂದು ಕರೆದಿರಲಿಲ್ಲ. ಬಸ್ಸೇ ಬಾರದ ಊರಿನ ತಾಯಿಗೆ ಅದೂ ಇಲ್ಲ.

ದೂರದ ಜೊತೆಗೆ ಪ್ರಮಾಣಪತ್ರದ ಕಾಟವಿದೆ. 2016ರ ಕಾಯ್ದೆಯ ಪ್ರಕಾರ ವೈಕಲ್ಯ ಕನಿಷ್ಠ ಶೇ 40 ಇದ್ದರೆ ಮಾತ್ರ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಇಲ್ಲವೇ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು. ಶೇ 35 ಬರೆಸಿಕೊಂಡ ಮಗು ಗೆರೆಯ ಈಚೆ. ಕಲಿಕಾ ನ್ಯೂನತೆಯ ಕಥೆ ಇನ್ನೂ ತೊಡಕು. 2018ರ ಜನವರಿಯ ಮಾರ್ಗಸೂಚಿ ಎಂಟು ವರ್ಷ ತುಂಬುವವರೆಗೆ ಪ್ರಮಾಣಪತ್ರವಿಲ್ಲ, 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಎಂದಿತ್ತು. ಎಂಟು ಎಂದರೆ ಮೂರನೇ ಇಯತ್ತೆ. ಅಷ್ಟರೊಳಗೆ ಆ ಮಗುವಿಗೆ 'ದಡ್ಡ' ಎಂಬ ಪ್ರಮಾಣಪತ್ರವನ್ನು ತರಗತಿಯೇ ಕೊಟ್ಟಿರುತ್ತದೆ, ಅದಕ್ಕೆ ಯಾವ ಮಂಡಳಿಯ ಸಹಿಯೂ ಬೇಕಿಲ್ಲ.

ಗಡಿ ತಾಲೂಕಿನಲ್ಲಿ ಇದಕ್ಕೊಂದು ಹೆಚ್ಚಿನ ಗಂಟು ಬೀಳುತ್ತದೆ. ಖಾನಾಪುರದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಮನೆಯಲ್ಲಿ ಕೊಂಕಣಿ ಬೆರೆತ ಮರಾಠಿ, ಗವಳಿಗರ ನುಡಿ, ಸಿದ್ದಿಗಳ ನುಡಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದೇ 2020ರಲ್ಲಿ. ಉತ್ತರ ಕನ್ನಡದವರಿಗೆ 2003ರಲ್ಲಿ ಸಿಕ್ಕದ್ದು ಕಾಡಿನ ಈಚೆ ಬದಿಯವರಿಗೆ ಸಿಗಲು ಹದಿನೇಳು ವರ್ಷ ಹಿಡಿಯಿತು. ಇಂಥ ಮನೆಯಿಂದ ಬಂದ ಮಗು ಮೂರನೇ ತರಗತಿಯಲ್ಲೂ ಕನ್ನಡದ ಒತ್ತಕ್ಷರಕ್ಕೆ ತಡವರಿಸಿದರೆ ಅದು ಕಲಿಕಾ ನ್ಯೂನತೆಯೋ, ಶಾಲೆಯ ಭಾಷೆ ಇನ್ನೂ ಕಿವಿಗೆ ಹತ್ತದ್ದೋ? ಇದನ್ನು ಬಿಡಿಸಿ ಹೇಳಬೇಕಾದರೆ ಪರೀಕ್ಷಿಸುವವರಿಗೆ ಆ ಮನೆಮಾತು ತಿಳಿದಿರಬೇಕು. ತಿಳಿಯದಿದ್ದರೆ ಎರಡು ತಪ್ಪು ನಡೆಯುತ್ತವೆ: ಚೆನ್ನಾಗಿರುವ ಮಗುವಿಗೆ ನ್ಯೂನತೆಯ ಹಣೆಪಟ್ಟಿ, ನಿಜಕ್ಕೂ ನೆರವು ಬೇಕಾದ ಮಗುವಿಗೆ 'ಭಾಷೆ ಬಂದರೆ ಸರಿಹೋಗುತ್ತದೆ' ಎಂಬ ಭರವಸೆ. ಎರಡನೆಯದೇ ಹೆಚ್ಚು ಅಪಾಯದ್ದು, ಏಕೆಂದರೆ ಅದು ಕರುಣೆಯ ಹಾಗೆ ಕೇಳಿಸುತ್ತದೆ.

ಇಲ್ಲೊಂದು ಮಾತು ಹೇಳದೇ ಇರಲಾಗದು. ಭಾಷೆಗಾಗಿ ಈ ಜಿಲ್ಲೆ ಎಷ್ಟು ಕೂಗಾಡಿದೆ ಎಂಬುದು ಎಲ್ಲರಿಗೂ ಗೊತ್ತು. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಮಾತ್ರ ಕನ್ನಡದ 'ಕ'ಕ್ಕೂ ಮರಾಠಿಯ 'ಕ'ಕ್ಕೂ ಒಂದೇ ಚುಕ್ಕೆಗಳು. ಖಾನಾಪುರದ ಕಣ್ಣು ಕಾಣದ ಮಗು ಒಂದು ಲಿಪಿ ಕಲಿತರೆ ಎರಡೂ ಭಾಷೆಯ ಅಕ್ಷರ ಅದರ ಬೆರಳಿಗೆ ಬಂದಂತೆ. ನಮ್ಮ ಭಾಷಾ ಸಂಘಟನೆಗಳು, ಎರಡೂ ಕಡೆಯವು, ಫಲಕದ ಅಕ್ಷರಕ್ಕೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಬ್ರೈಲ್ ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬಂತೇ ಎಂದು ಕೇಳಲು ಕೊಟ್ಟಿದ್ದರೆ ಚೆನ್ನಾಗಿತ್ತು.

ಗಳಿಕೆಯ ಪಟ್ಟಿಯಲ್ಲಿ ಬರೆಯಬೇಕಾದದ್ದೂ ಇದೆ. ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯ ತಂಡದ ವ್ಯವಸ್ಥೆ 2013ರಿಂದ ಇದೆ. ಕಿವಿ ಸೋರುವ, ಕಣ್ಣು ಮಂಜಾದ ಮಗು ಮೊದಲ ಬಾರಿಗೆ ಡಾಕ್ಟರ ಕಣ್ಣಿಗೆ ಬೀಳುವುದು ಎಷ್ಟೋ ಸಲ ಅಲ್ಲೇ. ಇನ್ನೊಂದು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಗಳಲ್ಲಿ ಹುಟ್ಟಿದ ಈ ಪದ್ಧತಿ 2009ರ ಹೊತ್ತಿಗೆ ರಾಜ್ಯವನ್ನೆಲ್ಲ ಹಬ್ಬಿತು. ಕಾರ್ಡು, ಕಲಿಕಾ ಏಣಿ, ಗುಂಪಿನಲ್ಲಿ ಕೂತು ತನ್ನ ಗತಿಯಲ್ಲಿ ಮೆಟ್ಟಿಲು ಹತ್ತುವುದು: ನಿಧಾನಿ ಮಗುವನ್ನು ಎತ್ತಿ ತೋರಿಸದೆ ಒಳಗಿಟ್ಟುಕೊಳ್ಳುವ ಶಕ್ತಿ ಇದಕ್ಕಿದೆ. ಅದನ್ನು ಅಂಗವಿಕಲ ಮಕ್ಕಳಿಗಾಗಿ ಯಾರೂ ರೂಪಿಸಿದ್ದಲ್ಲ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಾಡಿನ ಶಾಲೆಗೆ ಇದಕ್ಕಿಂತ ಹೊಂದುವ ಬೇರೆ ಉಪಾಯ ನಮಗೆ ಕಂಡಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ತೆಗೆದು ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ ಎನ್ನುವುದು ಮಾತ್ರ ಅರ್ಥವಾಗದು.

ಕೊರೋನಾ ಕಾಲ ಗಳಿಸಿದ್ದರಲ್ಲಿ ಒಂದಿಷ್ಟನ್ನು ಅಳಿಸಿತು. ತುಟಿ ನೋಡಿ ಮಾತು ಹಿಡಿಯುವ ಮಕ್ಕಳ ಮುಂದೆ ಗುರುಗಳು ಮಾಸ್ಕ್ ಹಾಕಿ ನಿಂತರು, ನೆಟ್‌ವರ್ಕ್ ಇಲ್ಲದ ಊರಿಗೆ ಆನ್‌ಲೈನ್ ಪಾಠ ಹೋಯಿತು. 2022ರ 'ಕಲಿಕಾ ಚೇತರಿಕೆ' ಕಾರ್ಯಕ್ರಮ ಉಳಿದ ಮಕ್ಕಳನ್ನು ಎಷ್ಟೋ ಹಾದಿಗೆ ತಂದಿತು.

ಇನ್ನು ಹತ್ತನೇ ತರಗತಿ. ಬರಹಗಾರರ ನೆರವು, ಹೆಚ್ಚುವರಿ ಸಮಯ, ಭಾಷೆಯಲ್ಲಿ ವಿನಾಯಿತಿ, ಗಣಿತ-ವಿಜ್ಞಾನದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಸಂಗೀತದಂಥ ವಿಷಯ, ಇವೆಲ್ಲ ನ್ಯಾಯವಾದ ಸೌಲಭ್ಯಗಳು, ಬೇಕು. ಆದರೆ ಒಂಬತ್ತು ವರ್ಷ ಗಣಿತ ಕಲಿಸುವ ದಾರಿ ಹುಡುಕದೆ ಹತ್ತನೇ ವರ್ಷ ಗಣಿತವನ್ನೇ ತೆಗೆದುಬಿಡುವುದು ಮಗುವಿಗಿಂತ ಫಲಿತಾಂಶದ ಶೇಕಡಾವಾರಿಗೆ ಮಾಡಿದ ಉಪಕಾರ. ಕಣ್ಣು ಕಾಣದ ಹುಡುಗಿಗೆ ಲೆಕ್ಕ ಬಾರದು ಎಂದು ಯಾರು ಹೇಳಿದರು?

ಇವೆಲ್ಲದರ ನಡುವೆ ಸಣ್ಣ ಶಾಲೆಗಳನ್ನು ಕೂಡಿಸಿ ದೊಡ್ಡ ಶಾಲೆ ಮಾಡುವ ಮಾತು ಮತ್ತೆ ಜೋರಾಗಿದೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಕೊಠಡಿ, ಪ್ರಯೋಗಾಲಯ, ಬಸ್ಸು ಎಲ್ಲ ಬರಬಹುದು. ಆದರೆ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂಬ ಹಳೆಯ ನಿಯಮವನ್ನು ಸಡಿಲಿಸಿದರೆ ಮೊದಲು ಮನೆಯಲ್ಲಿ ಉಳಿಯುವವರು ಯಾರು ಎಂಬುದನ್ನು ಸರ್ಕಾರ ಲೆಕ್ಕ ಹಾಕಿ ನೋಡಲಿ. ಓಡಬಲ್ಲ ಮಗು ಮೂರು ಕಿಲೋಮೀಟರಾದರೂ ಹೋಗುತ್ತದೆ.

ಖಾನಾಪುರಕ್ಕೆ ಬೇಕಾದದ್ದು ಹೊಸ ಯೋಜನೆಯಲ್ಲ. ಸಂಪನ್ಮೂಲ ಶಿಕ್ಷಕರ ಹುದ್ದೆಯನ್ನು ಬ್ಲಾಕಿನ ಬದಲು ದಾರಿಯ ದೂರ ನೋಡಿ ಕೊಡುವುದು. ಜಾಂಬೋಟಿ, ಲೋಂಡಾ, ಬೀಡಿಯಂಥ ಊರುಗಳಲ್ಲಿ ಥೆರಪಿಯ ಕೋಣೆಯೊಂದನ್ನು ತೆರೆದು ವಾರದ ದಿನ ಗೊತ್ತುಮಾಡುವುದು. ಪ್ರಮಾಣಪತ್ರದ ವೈದ್ಯ ಮಂಡಳಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತಾನೇ ಅಲ್ಲಿಗೆ ಹೋಗುವುದು. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಲೇಬೇಕು ಎಂಬ ನಿಯಮ ಇದೆ. ಬಹಳ ಕಡೆ ಆ ದುಡ್ಡು ವರ್ಷದ ಕೊನೆಗೆ ಯಾವುದಾದರೂ ಸಾಮಗ್ರಿ ಹಂಚಿ ಮುಗಿಯುತ್ತದೆ. ಶಾಲೆಯ ದಾರಿಯ ಹಳ್ಳಕ್ಕೆ ಕಾಲುಸಂಕ ಹಾಕಲು, ಮಗುವಿನ ಜೊತೆ ಬರುವವರ ದಿನಗೂಲಿ ತುಂಬಲು ಅದನ್ನು ಬಳಸಬಾರದೇಕೆ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಓದುಗರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿದ್ದರೆ, ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಹೆಸರು ಹಚ್ಚಿದ ವಿಶೇಷ ಅಗತ್ಯದ ಮಗುವನ್ನು ಸಂಪನ್ಮೂಲ ಶಿಕ್ಷಕರು ಕೊನೆಯ ಸಲ ನೋಡಿದ್ದು ಯಾವ ತಾರೀಖಿನಂದು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಬಿಇಒ ಕಚೇರಿಗೆ ಕಳಿಸಿ.