ಮನೆಯಲ್ಲಿ ರೋಗಿ, ದೂರದಲ್ಲಿ ವೈದ್ಯರು

ಅಂಟುಜಾಡ್ಯದ ರೋಗಿಯನ್ನು ಮನೆಯಲ್ಲಿಯೇ ಪ್ರತ್ಯೇಕವಾಗಿರಿಸಿ, ದೂರದ ವೈದ್ಯರಿಂದ ಟೆಲಿಫೋನಿನ ಮೂಲಕ ಸಲಹೆ ಪಡೆಯುವ ಪದ್ಧತಿಯನ್ನು ಕುರಿತು ಈ ತಿಂಗಳು ವಾಚಕ ಮಹಾಶಯರಲ್ಲಿ ನಾಲ್ಕು ಮಾತು ಬಿನ್ನವಿಸಬೇಕೆಂದಿರುತ್ತೇವೆ. ಜಾಡ್ಯಕ್ಕೂ ತಂತಿಗೂ ನಮ್ಮ ನಾಡಿನಲ್ಲಿ ಹಳೆಯ ನಂಟುಂಟು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ಅರಸೀಕೆರೆಯನ್ನು ಹಾದುಬರುವ ರೈಲುಮಾರ್ಗವಾಗಿಯೇ ಬೆಂಗಳೂರನ್ನು ಹೊಕ್ಕಿತು. ಅದರ ನಿವಾರಣೆಯ ಕಾರ್ಯಕ್ಕೆಂದು ಆ ವರ್ಷವೇ ಬೆಂಗಳೂರಿನಲ್ಲಿ ಟೆಲಿಫೋನು ತಂತಿಗಳನ್ನೆಳೆದರು. ಆದರೆ ಆ ತಂತಿಯು ಅಧಿಕಾರಿಗಳದಾಗಿದ್ದಿತು. ಊರು ಬಿಟ್ಟ ಜನರಿಗೆ ಹೊಲದ ಗುಡಿಸಲೇ ಗತಿಯಾಯಿತು.

2020ರಲ್ಲಿ ಕೊರೋನಾ ಬಂದ ವೇಳೆಗೆ ಟೆಲಿಫೋನು ರೋಗಿಯ ಹಾಸಿಗೆಯ ಬಳಿಯೇ ಇದ್ದಿತು. ಆ ವರ್ಷದ ಮಾರ್ಚಿ 25ರಂದು ದೂರದಿಂದ ಚಿಕಿತ್ಸೆ ಹೇಳುವ ವೈದ್ಯರಿಗೆ ನಿಯಮಗಳು ಪ್ರಕಟವಾದುವು. ಏಪ್ರಿಲಿನಲ್ಲಿ ರಾಜ್ಯದ ಆಪ್ತಮಿತ್ರ ಸಹಾಯವಾಣಿಯೂ, ಮನೆಯಿಂದಲೇ ವೈದ್ಯರ ಮುಖ ಕಂಡು ಮಾತನಾಡುವ ಇ-ಸಂಜೀವನಿಯೂ ಆರಂಭವಾದುವು. ಮರುವರ್ಷದ ಎರಡನೆಯ ಅಲೆಯು ಹಾಸನದ ಸೀಮೆಯನ್ನು ಬಹಳವಾಗಿ ಪೀಡಿಸಿತು. 2021ರ ಜೂನ್ 14ರಂದು ಉಳಿದ ಜಿಲ್ಲೆಗಳಲ್ಲಿ ನಿರ್ಬಂಧಗಳು ಸಡಿಲವಾದರೂ, ಸಡಿಲಿಸದೆ ಉಳಿಸಿದ 11 ಜಿಲ್ಲೆಗಳಲ್ಲಿ ಹಾಸನವೂ ಒಂದಾಗಿದ್ದಿತು. ಬೇಲೂರಿನಿಂದಾಗಲಿ ಅರಸೀಕೆರೆಯಿಂದಾಗಲಿ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರು ದಾರಿ. ಉಸಿರು ಕಟ್ಟಿದ ಮೇಲೆ ಹೊರಡುವವನಿಗೆ ಅದು ಬಹು ದೂರ.

ಇಲ್ಲಿಯೇ ಈ ಜಾಡ್ಯದ ಮೋಸವಿದ್ದುದು. ರಕ್ತದಲ್ಲಿ ಪ್ರಾಣವಾಯು ಇಳಿಯುತ್ತಿದ್ದರೂ ಕೆಲವು ರೋಗಿಗಳು ಕುಳಿತು ನೆಮ್ಮದಿಯಾಗಿ ಮಾತನಾಡುತ್ತಿದ್ದರು. “ನನಗೇನೂ ಆಗಿಲ್ಲ” ಎಂಬುದು ನಮ್ಮ ಹಿರಿಯರ ವಾಡಿಕೆಯ ಮಾತು. ವೈದ್ಯರು ಟೆಲಿಫೋನಿನಲ್ಲಿ ಅದನ್ನೇ ನಂಬಿದರೆ ಕೆಟ್ಟಿತು. ಆದಕಾರಣ ಬೆರಳಿಗೆ ಕಚ್ಚಿಸುವ ಆಕ್ಸಿಮೀಟರಿನ ಅಂಕಿಯನ್ನೂ ಜ್ವರದ ಅಂಕಿಯನ್ನೂ 4 ಗಂಟೆಗೊಮ್ಮೆ ವೇಳೆಸಹಿತ ಬರೆದಿಟ್ಟು ಓದಿಹೇಳತಕ್ಕದ್ದು. ಅಂಕಿಯು 94ಕ್ಕಿಂತ ಕೆಳಗಿಳಿದರೆ ತಡಮಾಡಕೂಡದು. ಈ ಯಂತ್ರವು ಬೆರಳಿನೊಳಗೆ ಬೆಳಕು ಹಾಯಿಸಿ ರಕ್ತದ ಬಣ್ಣವನ್ನಳೆಯುವುದರಿಂದ ಉಗುರಿನ ಬಣ್ಣವೂ ತಣ್ಣನೆಯ ಬೆರಳೂ ಅದನ್ನು ತಪ್ಪಿಸುತ್ತವೆ. ಬೇಲೂರು ಹಳೇಬೀಡುಗಳ ಜಡಿಮಳೆಯ ದಿನಗಳಲ್ಲಿ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡೇ ನೋಡಬೇಕು. ಕಪ್ಪು ಚರ್ಮದ ಮೇಲೆ ಅದು ತುಸು ಹೆಚ್ಚಾಗಿಯೇ ತೋರಿಸುವುದೆಂಬುದನ್ನೂ ನೆನಪಿಡತಕ್ಕದ್ದು. ಏದುಸಿರು, ಎದೆನೋವು, ಮಾತಿನ ತಡಬಡಿಕೆ ಕಂಡುಬಂದಲ್ಲಿ ಅಂಕಿಯು ಏನೇ ಇರಲಿ, ಯಂತ್ರವನ್ನು ಬದಿಗಿಟ್ಟು ವೈದ್ಯರನ್ನು ಕರೆಯಿರಿ.

ಗೃಹಿಣಿಯೇ ರೋಗಿಯಾದರೆ? ಬೇರೆ ಕೋಣೆಯಿರಲಿ, ಒಲೆಯ ಮುಂದಿನಿಂದಲೇ ಆಕೆಗೆ ಬಿಡುಗಡೆಯಿಲ್ಲದ ಮನೆಗಳು ಎಷ್ಟೋ ಉಂಟು. ವೈದ್ಯರು “ವಿಶ್ರಾಂತಿ” ಎಂದು ಹೇಳಿ ಟೆಲಿಫೋನನ್ನಿಟ್ಟೊಡನೆ ಆಕೆಯು ಸಾರಿಗೆ ಒಗ್ಗರಣೆ ಹಾಕಲು ಹೊರಟರೆ, ಅದು ಟೆಲಿಫೋನಿನ ದೋಷವಲ್ಲವಷ್ಟೆ! ಇಂತಹ ಮನೆಯಲ್ಲಿ ವೈದ್ಯರು ಯಜಮಾನರೊಡನೆಯೂ ಎರಡು ಮಾತು ಗಟ್ಟಿಯಾಗಿ ಆಡುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು ಒಂದು ನೋಟದಲ್ಲಿ ಕಾಣುವುದನ್ನು ತಂತಿಯು ಕಾಣಲಾರದು.

ಸ್ಥಿತಿ ಕೆಟ್ಟರೆ 108ನ್ನು ಕರೆಯಬೇಕು. ರಾಜ್ಯದಲ್ಲಿ ಆ ವಾಹನಗಳು 2008ರಿಂದ ಓಡುತ್ತಿವೆ. ಕರೆಯುವಾಗ ಊರು, ಹೋಬಳಿ, ಹತ್ತಿರದ ಗುಡಿ ಅಥವಾ ಕೆರೆಯ ಗುರುತನ್ನು ಹೇಳಿ, ರಾತ್ರಿಯಾದರೆ ರಸ್ತೆಯ ತಿರುವಿನಲ್ಲಿ ದೀಪಸಹಿತ ಒಬ್ಬರನ್ನು ನಿಲ್ಲಿಸಿರಿ. ಅಂಕಿಗಳನ್ನು ಬರೆದ ಕಾಗದವು ರೋಗಿಯ ಜೊತೆಯಲ್ಲಿಯೇ ಹೋಗಲಿ.